ಮುಂದಿನ ಆಟ ಯಾವುದು?

ಮಗಳ ಮದುವೆಯನ್ನು ಮುಗಿಸಿ, ಚಪ್ಪರ ಬಿಚ್ಚಿಸಿ, ಬೀಗರನ್ನು ಬಸ್ಸಿಗೆ ಹತ್ತಿಸಿ ಬಂದ ಗೃಹಸ್ಥನಿಗೆ ಮನೆಯೆಲ್ಲ ಬರಿದಾದಂತೆ ತೋರುವುದುಂಟು. ತಿಂಗಳುಗಟ್ಟಲೆ ಯಾವ ಕಷ್ಟವನ್ನು ಶಪಿಸಿದ್ದನೋ ಅದು ಈಗ ಇಲ್ಲವಲ್ಲ ಎಂಬುದೇ ಅವನ ಬೇಸರಕ್ಕೆ ಕಾರಣ. ಕಠಿನವಾದ ಒಂದು ಕಂಪ್ಯೂಟರ್ ಆಟವನ್ನು ಮುಗಿಸಿದ ತರುಣನ ಸ್ಥಿತಿಯೂ ಇದಕ್ಕಿಂತ ಬೇರೆಯಲ್ಲ. ನೂರು ಸಲ ಸೋತು ನೂರೊಂದನೆಯ ಸಲ ಕೊನೆಯ ದೈತ್ಯನನ್ನು ಕೆಡವಿದ ರಾತ್ರಿಯ ಉಲ್ಲಾಸ ಮರುದಿನ ಬೆಳಗಿನ ಚಹದ ಹೊತ್ತಿಗೆ ಆರಿಹೋಗಿರುತ್ತದೆ. ಆಮೇಲೆ ಉಳಿಯುವುದು ಒಂದೇ ಪ್ರಶ್ನೆ: ಮುಂದಿನ ಆಟ ಯಾವುದು?

ಇಂಥ ಪ್ರಶ್ನೆ ಟೋಕಿಯೋದಲ್ಲಿಯೋ ಬೆಂಗಳೂರಿನಲ್ಲಿಯೋ ಹುಟ್ಟತಕ್ಕದ್ದು, ಭೀಮೆ ಕೃಷ್ಣೆಯರ ನಡುವಣ ಎರೆಯ ನಾಡಿಗೆ ಅದರ ಗೊಡವೆ ಏಕೆ ಎಂದು ಹಿರಿಯರು ಕೇಳಿಯಾರು. ಯಾದಗಿರಿ, ಶಹಾಪುರ, ಸುರಪುರಗಳ ತರುಣರು ಆ ಮಾತನ್ನು ಒಪ್ಪಲಾರರು. ಬೆಂಗಳೂರಿನ ಹುಡುಗ ಆಟವೊಂದು ಹಿಡಿಸದಿದ್ದರೆ ಅದನ್ನು ಮೂಲೆಗೆ ಹಾಕಿ ಇನ್ನೊಂದನ್ನು ಕೊಂಡಾನು. ಈ ಊರುಗಳ ಅನೇಕ ಮನೆಗಳಲ್ಲಿ ಅಂಥ ಖರೀದಿ ವರ್ಷಕ್ಕೆ ಒಂದಾದರೆ ಹೆಚ್ಚು. ಆದುದರಿಂದ ಆಯ್ಕೆಯ ಭಾರ ಇಲ್ಲಿಯೇ ಅಧಿಕ.

ಈ ಜಾತಿಯ ಆಟವನ್ನು ಕಾಣದವರಿಗಾಗಿ ಎರಡು ಮಾತು ಅವಶ್ಯ. ಇದರಲ್ಲಿ ಆಡುವವನು ಒಂದು ಪಾತ್ರವನ್ನು ಧರಿಸುತ್ತಾನೆ, ಬಯಲಾಟದಲ್ಲಿ ಕಿರೀಟ ಭುಜಕೀರ್ತಿಗಳನ್ನು ಕಟ್ಟಿಕೊಂಡು ರಂಗಕ್ಕೆ ಬರುವವನಂತೆ. ಭಟನೋ, ಮಾಂತ್ರಿಕನೋ, ಮೈಮೇಲೆ ಚಿಂದಿಯೂ ಇಲ್ಲದ ದರಿದ್ರನೋ ಆಗಿ ಹೊರಟು, ಹೋದಂತೆಲ್ಲ ಬಲವನ್ನೂ ಆಯುಧಗಳನ್ನೂ ಗಳಿಸುತ್ತಾನೆ. ಆದರೆ ಬಯಲಾಟದ ಅರ್ಜುನನಿಗೆ ಗೆಲುವು ಮೊದಲೇ ಬರೆದಿಟ್ಟದ್ದು. ಇಲ್ಲಿ ಹಾಗಿಲ್ಲ. ಕತ್ತಿ ಬೀಸುವುದು, ಪೆಟ್ಟು ತಪ್ಪಿಸಿಕೊಳ್ಳುವುದು, ಹೆಜ್ಜೆ ಹಿಂದಿಡುವುದು ಎಲ್ಲವೂ ಆಡುವವನ ಬೆರಳುಗಳ ಕೆಲಸ. ಕ್ಷಣದ ಅರ್ಧದಷ್ಟು ತಡವಾದರೆ ಮರಣ. ಸತ್ತವನು ಗಳಿಸಿ ಇನ್ನೂ ಖರ್ಚು ಮಾಡದೆ ಉಳಿಸಿಕೊಂಡದ್ದು ಸತ್ತ ಸ್ಥಳದಲ್ಲಿಯೇ ಬಿದ್ದಿರುತ್ತದೆ. ಮರಳಿ ಅಲ್ಲಿಯವರೆಗೆ ಜೀವಸಹಿತ ನಡೆದುಹೋದರೆ ಅದು ದೊರೆಯುತ್ತದೆ. ದಾರಿಯಲ್ಲಿ ಮತ್ತೊಮ್ಮೆ ಸತ್ತರೆ ಹೋದದ್ದು ಹೋಯಿತು. ಟೋಕಿಯೋದ ಫ್ರಮ್‌ಸಾಫ್ಟ್‌ವೇರ್ ಸಂಸ್ಥೆ 2009ರಲ್ಲಿ ಹೊರತಂದ ‘ಡೀಮನ್ಸ್ ಸೋಲ್ಸ್’, 2011ರಲ್ಲಿ ತಂದ ‘ಡಾರ್ಕ್ ಸೋಲ್ಸ್’ ಇವೆರಡೂ ಈ ಸಂಪ್ರದಾಯಕ್ಕೆ ಮೂಲ. ಇವುಗಳ ಹಾದಿಯಲ್ಲಿ ಬಂದವುಗಳಿಗೆ ಲೆಕ್ಕವಿಲ್ಲ.

ತಾಯ್ತಂದೆಗಳ ಸಮಾಧಾನಕ್ಕಾಗಿ ಇನ್ನೊಂದು ಮಾತು. ಪಣ ಕಟ್ಟಿ ಆಡುವ, ಮನೆಮಠ ಮಾರಿಸುವ ಮೊಬೈಲ್ ಜೂಜಿನ ಆಟಗಳೇ ಬೇರೆ, ಇವೇ ಬೇರೆ. ಮೊದಲಿನವುಗಳನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಕಾಯ್ದೆ ಮಾಡಿ ನಿಷೇಧಿಸಿತು. ಇಲ್ಲಿ ಹೇಳುತ್ತಿರುವ ಆಟಗಳಿಗೆ ಪುಸ್ತಕಕ್ಕೆ ಕೊಟ್ಟಂತೆ ಒಮ್ಮೆ ಬೆಲೆ ಕೊಟ್ಟರೆ ಸಾಕು, ಎಷ್ಟು ಸತ್ತರೂ ಹಣ ಹೋಗುವುದಿಲ್ಲ. ಹೋಗುವುದು ಸಮಯ; ಅದರ ಬೆಲೆ ಎಷ್ಟೆಂಬುದು ಮನೆಮನೆಗೆ ಬೇರೆ.

ಸುರಪುರದ ಅಂಥ ಒಂದು ಮನೆಯನ್ನು ನೋಡಬಹುದು. ಅಕ್ಕ ಶಾಲೆಯ ಶಿಕ್ಷಕಿ. ಮನೆಯಲ್ಲಿರುವ ಒಂದೇ ಲ್ಯಾಪ್‌ಟಾಪ್ ಅವಳ ಸಂಬಳದಿಂದ ಬಂದದ್ದು. ತಮ್ಮ ಪದವೀಧರ, ಸರಕಾರಿ ನೌಕರಿಯ ಪರೀಕ್ಷೆಗೆ ಎರಡು ಸಲ ಕುಳಿತು ಎರಡು ಸಲವೂ ಸೋತವನು. ಅವನು ನಾಲ್ಕು ತಿಂಗಳು ರಾತ್ರಿಯ ಹೊತ್ತು ಕುಳಿತು 2016ರ ‘ಡಾರ್ಕ್ ಸೋಲ್ಸ್ 3’ ಎಂಬುದನ್ನು ಮುಗಿಸಿದ್ದ.

“ಆ ಆಟ ಮುಗೀತಂತಲ್ಲೋ ತಮ್ಮಾ, ಇನ್ನಾದ್ರೂ ಪುಸ್ತಕ ಹಿಡೀತಿಯೇನು?” ಎಂದಳು ತಾಯಿ.

“ಹಿಡೀತೀನವ್ವಾ. ಅದರ ಕೂಡ ಇನ್ನೊಂದು ಆಟನೂ ನೋಡ್ಲಾಕತ್ತೀನಿ.”

“ಮತ್ತ ಸೋಲೂ ಆಟನೇನು?”

ತಾಯಿಯ ಮಾತಿನಲ್ಲಿ ವ್ಯಂಗ್ಯವಿರಲಿಲ್ಲ. ಎರಡು ಸಲ ಸೋತ ಮಗ, ಸೋಲುವುದಕ್ಕೆಂದೇ ಮಾಡಿದ ಆಟವನ್ನು ಹಣ ಕೊಟ್ಟು ತರುವುದೇಕೆ ಎಂಬುದು ಅವಳಿಗೆ ನಿಜವಾಗಿಯೂ ತಿಳಿಯದು. ಈ ಪ್ರಶ್ನೆಗೆ ಉತ್ತರ ಕಂಡುಕೊಂಡವನಿಗೆ ಮುಂದಿನ ಆಟದ ಆಯ್ಕೆ ಅಷ್ಟು ಕಷ್ಟವಲ್ಲ.

ಪರೀಕ್ಷೆಯ ಸೋಲು ಒಂದು ಅಂಕಿಯಾಗಿ ಬರುತ್ತದೆ, ಅದೂ ತಿಂಗಳುಗಳು ಕಳೆದ ಮೇಲೆ. ಎಲ್ಲಿ ಎಡವಿದೆ, ಯಾವ ಗಳಿಗೆಯಲ್ಲಿ ದಾರಿ ತಪ್ಪಿದೆ ಎಂಬುದನ್ನು ಆ ಅಂಕಿ ಹೇಳುವುದಿಲ್ಲ. ಒಳ್ಳೆಯ ಕಠಿನ ಆಟದ ಸೋಲಾದರೋ ಆ ಕ್ಷಣವೇ ಕಣ್ಣೆದುರು ನಿಲ್ಲುತ್ತದೆ: ಶತ್ರು ಕತ್ತಿಯನ್ನು ಭುಜದ ಮೇಲೆತ್ತಿದ, ನೀನು ಬೇಗ ಹಾರಿದೆ, ಅವನು ಕಾದು ಹೊಡೆದ. ಸತ್ತೆ, ಆದರೆ ಏಕೆ ಸತ್ತೆ ಎಂಬುದು ತಿಳಿಯಿತು. ನೂರು ಸಲ ಸತ್ತವನು ನೂರು ಬಾರಿ ಅವಮಾನಿತನಾಗುವ ಬದಲು ನೂರು ಪಾಠ ಓದಿದವನಾಗುವುದು ಈ ಕಾರಣದಿಂದ. ಹೀಗಿರುವಾಗ ಅತಿ ಕಠಿನವಾದ ಆಟ ಯಾವುದೆಂದು ಕೇಳುವುದು ಹುಡುಗುತನ. ಕೇಳಬೇಕಾದುದು, ತನ್ನ ಸೋಲಿನ ಕಾರಣವನ್ನು ಯಾವ ಆಟ ಸ್ಪಷ್ಟವಾಗಿ ಹೇಳೀತು ಎಂಬುದನ್ನು. ಕಠಿನವಾಗಿದ್ದೂ ಕಾರಣ ಹೇಳದ ಆಟಗಳು ಬೇಕಾದಷ್ಟಿವೆ. ಶತ್ರುವಿಗೆ ಎಮ್ಮೆಯ ಚರ್ಮ ಕೊಟ್ಟು, ಒಂದೇ ಪೆಟ್ಟಿಗೆ ಆಡುವವನ ಪ್ರಾಣ ತೆಗೆಯುವಂತೆ ಮಾಡಿ, ಇದೇ ಕಾಠಿನ್ಯವೆಂದು ಜಂಬಪಡುವ ಅನುಕರಣೆಗಳು ಅವು. ಅವುಗಳ ಹೆಸರನ್ನು ಇಲ್ಲಿ ಎತ್ತುವ ಅಗತ್ಯವಿಲ್ಲ.

ಆ ತರುಣನ ಮುಂದಿದ್ದ ಹೆಸರುಗಳು ಮೂರು. ‘ಸೆಕಿರೋ’ (2019), ‘ಎಲ್ಡನ್ ರಿಂಗ್’ (2022), ‘ಬ್ಲ್ಯಾಕ್ ಮಿಥ್: ವುಕಾಂಗ್’ (2024). ಮೊದಲಿನ ಎರಡು ಫ್ರಮ್‌ಸಾಫ್ಟ್‌ವೇರಿನವು, ಮೂರನೆಯದು ಚೀನಾ ದೇಶದ್ದು.

‘ಎಲ್ಡನ್ ರಿಂಗ್’ ವಿಶಾಲವಾದ ಬಯಲು. ಅದರ ಪುರಾಣೇತಿಹಾಸದ ಹಿನ್ನೆಲೆಯನ್ನು ಕಟ್ಟಿಕೊಟ್ಟವರು ಅಮೆರಿಕದ ಕಾದಂಬರಿಕಾರ ಜಾರ್ಜ್ ಆರ್. ಆರ್. ಮಾರ್ಟಿನ್. ಆಡುವವನು ಗವಿಯಿಂದ ಹೊರಬಿದ್ದು ಬೆಳಕನ್ನು ಕಂಡೊಡನೆ ಎದುರಿಗೆ ಚಿನ್ನದ ಕವಚ ತೊಟ್ಟ ಅಶ್ವಾರೋಹಿಯೊಬ್ಬ ಗಸ್ತು ತಿರುಗುತ್ತಿರುತ್ತಾನೆ. ಹಿಂದಿನ ಆಟಗಳಲ್ಲಿ ಪಳಗಿದವರು ಇವನನ್ನು ಕೆಡವಿಯೇ ಮುಂದಿನ ಮಾತೆಂದು ನುಗ್ಗಿ ಹತ್ತಾರು ಸಲ ಸಾಯುತ್ತಾರೆ. ಆಟದ ಉದ್ದೇಶ ಅದಲ್ಲ. ಬಳಸಿ ಹೋಗು, ಬಲ ಕೂಡಿಸಿಕೊಂಡು ಮರಳಿ ಬಾ ಎಂಬುದು ಅದು ಕಲಿಸುವ ಮೊದಲ ಪಾಠ. ಸುರಪುರದವರಿಗೆ ಈ ಪಾಠ ಹೊಸದಾಗಬಾರದು. ಔರಂಗಜೇಬನು ತಾನೇ ಮುಂದೆ ನಿಂತು ನಡೆಸಿದ ಕೊನೆಯ ಮುತ್ತಿಗೆ ಇದೇ ನೆರೆಯ ವಾಗಣಗೇರಿ ಕೋಟೆಯದು. 1705ರ ಫೆಬ್ರುವರಿಯಿಂದ ಏಪ್ರಿಲ್ ಕೊನೆಯವರೆಗೆ ಮುದಿ ಚಕ್ರವರ್ತಿ ಆ ಗುಡ್ಡದ ಬುಡದಲ್ಲಿ ಕುಳಿತ. ಇನ್ನು ಹಿಡಿದಿಡಲಾಗದೆಂಬ ಗಳಿಗೆ ಬಂದಾಗ ಪಿಡ್ಡನಾಯಕನು ತನ್ನ ಬೇಡರ ಪಡೆಯೊಡನೆ ಇರುಳಿನಲ್ಲಿ ಕೋಟೆಯಿಂದ ಜಾರಿದ. ಮೊಗಲರಿಗೆ ದೊರೆತದ್ದು ಬರಿದಾದ ಕೋಟೆ. ಎರಡು ವರ್ಷಗಳಲ್ಲಿ ಚಕ್ರವರ್ತಿ ತೀರಿಕೊಂಡ. ಸುರಪುರದ ನಾಯಕರ ಮನೆತನ ಆಮೇಲೂ ನೂರೈವತ್ತು ವರ್ಷಗಳಷ್ಟು ಕಾಲ ಆಳಿತು. ಬಿಟ್ಟುಹೋಗುವುದು ಸೋಲೆಂದು ತಿಳಿದವನಿಗೆ ‘ಎಲ್ಡನ್ ರಿಂಗ್’ ದಕ್ಕುವುದಿಲ್ಲ.

ಆದರೆ ಅದರಲ್ಲಿ ಒಂದು ತೊಡಕುಂಟು. ಅಲ್ಲಿ ಸೋತವನಿಗೆ ತನ್ನ ಕೈ ಪಳಗಿಲ್ಲವೋ, ಪಾತ್ರದ ಬಲ ಸಾಲದೋ, ಆಯುಧ ತಪ್ಪೋ ಎಂಬುದು ತಟ್ಟನೆ ತಿಳಿಯುವುದಿಲ್ಲ. ನೆರವಿಗೆ ಭೂತಗಣಗಳನ್ನು ಕರೆಯಬಹುದು, ಮಂತ್ರದಿಂದ ದೂರ ನಿಂತು ಕೊಲ್ಲಬಹುದು. ಇದು ಉದಾರವಾದ ವ್ಯವಸ್ಥೆಯೇ ಸರಿ. ಆಡುವವರ ಬಳಗ ದೊಡ್ಡದಾದದ್ದೂ ಆ ಔದಾರ್ಯದಿಂದ. ಆದರೆ ಗೆದ್ದಾಗಲೂ ಗೆದ್ದವನು ತಾನೋ ತಾನು ಕರೆದ ಭೂತವೋ ಎಂಬ ಸಂದೇಹ ಉಳಿಯುತ್ತದೆ.

‘ಸೆಕಿರೋ’ ಎಂಬ ಹೆಸರಿನ ಅರ್ಥ ಒಂಟಿತೋಳಿನ ತೋಳ. ಜಪಾನಿನ ಅಂತಃಕಲಹಗಳ ಕಾಲದ, ಒಂದು ಕೈ ಕಳೆದುಕೊಂಡ ಭಟನ ಕಥೆ. ಇಲ್ಲಿ ಪಾತ್ರವನ್ನು ಆರಿಸುವ ಸ್ವಾತಂತ್ರ್ಯವಿಲ್ಲ, ಹೊರಗಿನಿಂದ ಯಾರನ್ನೂ ನೆರವಿಗೆ ಕರೆಯುವಂತಿಲ್ಲ, ಬಲ ಕೂಡಿಸಿಕೊಂಡು ಬರುವೆನೆಂದು ಊರೂರು ಅಲೆದರೂ ಪ್ರಯೋಜನ ಅಲ್ಪ. ಈ ಕಾರಣದಿಂದ ಇದು ಪಾತ್ರಧಾರಣೆಯ ಆಟವೇ ಅಲ್ಲವೆಂದು ವಾದಿಸುವ ಪಂಡಿತರಿದ್ದಾರೆ, ಇರಲಿ. ಇರುವುದು ಒಂದು ಕತ್ತಿ, ಎದುರಾಳಿಯ ಪೆಟ್ಟು ತಗಲುವ ನಿಮಿಷಕ್ಕೆ ಸರಿಯಾಗಿ ಅದನ್ನು ಒಡ್ಡುವ ಕಲೆ. ಹಾಗೆ ಒಡ್ಡುತ್ತ ಒಡ್ಡುತ್ತ ಎದುರಾಳಿಯ ನಿಲುವೇ ಕುಸಿಯುತ್ತದೆ. ‘ಡಾರ್ಕ್ ಸೋಲ್ಸ್’ ಮುಗಿಸಿ ಬಂದವನಿಗೆ ಇದು ವಿಪರೀತ ಕಷ್ಟ, ಏಕೆಂದರೆ ಅವನ ಬೆರಳುಗಳಿಗೆ ಉರುಳಿ ತಪ್ಪಿಸಿಕೊಳ್ಳುವ ಚಾಳಿ ಹತ್ತಿರುತ್ತದೆ. ಕಲಿತದ್ದನ್ನು ಮರೆಯುವುದು ಹೊಸದನ್ನು ಕಲಿಯುವುದಕ್ಕಿಂತ ಕಠಿನ. ಹಾರ್ಮೋನಿಯಂ ನುಡಿಸಿ ರೂಢಿಯಾದವನು ಪಿಟೀಲು ಹಿಡಿದಾಗ ಈ ಅವಸ್ಥೆಯನ್ನು ಅನುಭವಿಸುತ್ತಾನೆ.

ಆದರೆ ಸೋಲಿನ ಸ್ಪಷ್ಟತೆಯಲ್ಲಿ ಇದಕ್ಕೆ ಸಮನಾದುದು ಇಲ್ಲ. ಇಲ್ಲಿ ಸೋತವನು ದೂರಬೇಕಾದದ್ದು ತನ್ನ ಕೈಯನ್ನು ಮಾತ್ರ. ಅಭ್ಯಾಸಕ್ಕಾಗಿ ಪಾಳುಗುಡಿಯೊಂದರ ಅಂಗಳದಲ್ಲಿ ಸಾಯಲಾರದ ಮನುಷ್ಯನೊಬ್ಬ ಕಾದಿರುತ್ತಾನೆ. ಎಷ್ಟು ಸಲ ಬೇಕಾದರೂ ಅವನೊಡನೆ ಕಾದಾಡಿ ಒಂದೊಂದೇ ವರಸೆಯನ್ನು ತಿದ್ದಿಕೊಳ್ಳಬಹುದು. ಇಂಥ ಗುರು ಎಷ್ಟು ಶಾಲೆಗಳಲ್ಲಿ ಸಿಕ್ಕಾನು? ಇನ್ನೊಂದು ಮಾತನ್ನು ಹೇಳಲೇಬೇಕು. ಆಡುವವನು ಪದೇ ಪದೇ ಸತ್ತು ಎದ್ದರೆ ಕಥೆಯಲ್ಲಿ ಅವನಿಗೆ ಬೇಕಾದವರು, ಅವನಿಗೆ ಉಪಕಾರ ಮಾಡಿದ ಮುದುಕಿ, ವ್ಯಾಪಾರಿ ಮೊದಲಾದವರು ಒಂದು ಕೆಮ್ಮಿನ ರೋಗಕ್ಕೆ ತುತ್ತಾಗುತ್ತಾರೆ. ಅದಕ್ಕೆ ಔಷಧವಿದೆ, ನಿಜ. ಆದರೂ ಒಬ್ಬನ ಸೋಲನ್ನು ಮನೆಯವರು ಉಸಿರಿನಲ್ಲಿ ಹೊರುತ್ತಾರೆಂಬುದನ್ನು ಇಷ್ಟು ನೇರವಾಗಿ ಕಾಣಿಸಿದ ಆಟ ಮತ್ತೊಂದಿಲ್ಲ.

‘ವುಕಾಂಗ್’ ಕುರಿತು ಕನ್ನಡಿಗರಿಗೆ ಒಂದು ವಿಶೇಷ ಆಸಕ್ತಿ ಇರಬಹುದು. ಚೀನೀ ಕಥೆಯ ಆ ವಾನರವೀರನು ಭಾರತಕ್ಕೆ ಗ್ರಂಥಗಳನ್ನು ತರಲು ಹೊರಟ ಭಿಕ್ಷುವಿನ ಅಂಗರಕ್ಷಕ. ಆ ಭಿಕ್ಷು ಬೇರಾರೂ ಅಲ್ಲ, ಏಳನೆಯ ಶತಮಾನದಲ್ಲಿ ಇಮ್ಮಡಿ ಪುಲಕೇಶಿಯ ಪರಾಕ್ರಮವನ್ನು ಬರೆದಿಟ್ಟ ಹ್ಯೂಯೆನ್ ತ್ಸಾಂಗನೇ. ವಾನರನಿಗೆ ನಮ್ಮ ಹನುಮಂತನೇ ಮೂಲವೋ ಅಲ್ಲವೋ ಎಂಬ ಚರ್ಚೆ ವಿದ್ವಾಂಸರಲ್ಲಿ ಇನ್ನೂ ತೀರಿಲ್ಲ. ಆಟ 2024ರ ಆಗಸ್ಟ್ 20ರಂದು ಹೊರಬಂದು ಮೂರೇ ದಿನಗಳಲ್ಲಿ ಒಂದು ಕೋಟಿ ಪ್ರತಿಗಳು ಮಾರಾಟವಾದವು. ಚಿತ್ರಗಳ ಸೊಬಗಂತೂ ಅಪೂರ್ವ. ಆದರೆ ಸುರಪುರದ ಆ ಮನೆಗೆ ಅದು ನಿಲುಕುವಂಥದಲ್ಲ. ಅದಕ್ಕೆ 130 ಗಿಗಾಬೈಟ್ ಸ್ಥಳ ಬೇಕು, 16 ಗಿಗಾಬೈಟ್ ಸ್ಮೃತಿ ಬೇಕು. ‘ಎಲ್ಡನ್ ರಿಂಗ್’ ಕೇಳುವ ಸ್ಮೃತಿ ಕನಿಷ್ಠ 12, ಸ್ಥಳ 60. ‘ಸೆಕಿರೋ’ ಆದರೋ 4ರ ಸ್ಮೃತಿ, 25ರ ಸ್ಥಳಕ್ಕೆ ತೃಪ್ತಿಪಡುತ್ತದೆ. ಅಕ್ಕನ ಲ್ಯಾಪ್‌ಟಾಪಿನಲ್ಲಿರುವುದು 8. ಶಾಲೆಯ ಕಡತಗಳನ್ನು ಅಳಿಸಿ ರಾಕ್ಷಸರಿಗೆ ಜಾಗ ಮಾಡಿಕೊಡಲು ಯಾವ ಅಕ್ಕನೂ ಒಪ್ಪುವವಳಲ್ಲ. ಮೇಲಾಗಿ ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟುವ ಊರು. ದೊಡ್ಡ ಆಟ ಹಾಕಿದರೆ ಯಂತ್ರ ಕಾದ ಹಂಚಾಗುತ್ತದೆ. ಆಟವನ್ನು ಕೊಳ್ಳುವ ಮುನ್ನ ಅದರ ಕನಿಷ್ಠ ಅಗತ್ಯಗಳ ಪಟ್ಟಿಯನ್ನು ಓದದೆ ಕೈ ಸುಟ್ಟುಕೊಂಡವರು ಬಹಳ.

ಭಾಷೆಯ ಮಾತೂ ಬರುತ್ತದೆ. ಈ ಮೂರರಲ್ಲಿ ಯಾವುದೂ ಕನ್ನಡವನ್ನು ಅರಿಯದು. ಕಥೆಯನ್ನು ಆಯುಧಗಳ, ಉಂಗುರಗಳ ಕೆಳಗಿನ ನಾಲ್ಕು ಸಾಲಿನ ಟಿಪ್ಪಣಿಗಳಲ್ಲಿ ಹರಡಿರುತ್ತಾರೆ, ಅದೂ ಹಳೆಯ ಗತ್ತಿನ ಇಂಗ್ಲಿಷಿನಲ್ಲಿ. ಕನ್ನಡ ಶಾಲೆಯಲ್ಲಿ ಓದಿದ ಹುಡುಗನಿಗೆ ಅರ್ಧ ತಿಳಿದರೆ ಪುಣ್ಯ. ಇದರಿಂದ ಕುಗ್ಗಬೇಕಾದ ಕಾರಣವಿಲ್ಲ. ಈ ಆಟಗಳ ಸೂತ್ರಧಾರ ಹಿಡೆಟಾಕ ಮಿಯಾಜಾಕಿ ಬಡ ಮನೆಯಲ್ಲಿ ಬೆಳೆದವರು. ಬಾಲ್ಯದಲ್ಲಿ ಗ್ರಂಥಾಲಯದಿಂದ ತಮ್ಮ ಓದಿಗೆ ಮೀರಿದ ಪುಸ್ತಕಗಳನ್ನು ತಂದು, ಅರ್ಥವಾಗದ ಭಾಗಗಳನ್ನು ಚಿತ್ರಗಳ ನೆರವಿನಿಂದ ತಾವೇ ಕಲ್ಪಿಸಿ ತುಂಬಿಕೊಳ್ಳುತ್ತಿದ್ದರೆಂದು ಅವರೇ ಹೇಳಿದ್ದಾರೆ. ಮುಂದೆ ಬೇರೆ ಉದ್ಯೋಗದಲ್ಲಿದ್ದು, ತಡವಾಗಿ, 2004ರಲ್ಲಿ ಈ ಸಂಸ್ಥೆಗೆ ಸೇರಿದರು. 2014ರಲ್ಲಿ ಅದರ ಅಧ್ಯಕ್ಷರೇ ಆದರು. ತಾವು ಮಾಡಿದ ಆಟಗಳಲ್ಲಿ ಕಥೆಯನ್ನು ಬೇಕೆಂದೇ ಅರ್ಧ ಹೇಳಿ ಬಿಡುವುದು ಆ ಬಾಲ್ಯದ ಓದಿನ ಫಲ. ಅರ್ಧ ತಿಳಿದು ಉಳಿದರ್ಧವನ್ನು ಕಟ್ಟಿಕೊಳ್ಳುವ ಸುರಪುರದ ಹುಡುಗ ಕರ್ತೃವಿನ ಆಶಯಕ್ಕೆ ಲಂಡನ್ನಿನ ಹುಡುಗನಿಗಿಂತ ಹತ್ತಿರದವನೆಂದರೂ ತಪ್ಪಾಗದು.

ಅವರದೇ ಇನ್ನೊಂದು ಪ್ರಸಂಗ ಎರೆಯ ನಾಡಿನವರ ಮನಸ್ಸಿಗೆ ಹಿಡಿಸುವಂಥದು. ಹಿಮ ಬಿದ್ದ ಏರುದಾರಿಯಲ್ಲಿ ಕಾರುಗಳು ಸಾಲಾಗಿ ಸಿಕ್ಕಿಬಿದ್ದಾಗ ಹಿಂದಿನ ಕಾರು ಮುಂದಿನದನ್ನು ನೂಕುತ್ತ, ಪರಸ್ಪರ ಹೆಸರೂ ತಿಳಿಯದವರು ಗುಡ್ಡವನ್ನು ಹತ್ತಿದರಂತೆ. ಅಪರಿಚಿತರು ಒಬ್ಬರನ್ನೊಬ್ಬರು ನೆರವಿಗೆ ಕರೆಯುವ ಏರ್ಪಾಡನ್ನು ತಮ್ಮ ಆಟದಲ್ಲಿ ತರಲು ಅದೇ ಪ್ರೇರಣೆ. ಮಳೆಗಾಲದಲ್ಲಿ ಎರೆಯ ಕೆಸರಿನಲ್ಲಿ ಹೂತ ಟ್ರ್ಯಾಕ್ಟರನ್ನು ದಾರಿಹೋಕರೆಲ್ಲ ಸೇರಿ ನೂಕಿದ್ದನ್ನು ಕಂಡವರಿಗೆ ಇದರ ವಿವರಣೆ ಬೇಡ. ಒಂಟಿತನ ಕಾಡುವವರು, ಒಳ್ಳೆಯ ಅಂತರ್ಜಾಲ ಇರುವವರು ಆ ಏರ್ಪಾಡಿರುವ ಆಟವನ್ನೇ ಆರಿಸುವುದು ಮೇಲು.

ಎಲ್ಲರ ಮನೆಯೂ ಸುರಪುರದ ಆ ಮನೆಯಲ್ಲ. ಯಾದಗಿರಿಯಿಂದ ದಿನವೂ ರೈಲಿನಲ್ಲಿ ರಾಯಚೂರಿಗೆ ನೌಕರಿಗೆ ಹೋಗಿಬರುವ, ಮನೆಯಲ್ಲಿ ಎಳೆಯ ಕೂಸಿರುವ ಗೃಹಸ್ಥನಿಗೆ ‘ಸೆಕಿರೋ’ ಹೇಳುವುದು ಕ್ರೌರ್ಯ. ಕೂಸು ಮಲಗಿದ ಮೇಲೆ ಸಿಗುವ ಮುಕ್ಕಾಲು ಗಂಟೆಗೆ ತಕ್ಕದ್ದು 2020ರ ‘ಹೇಡಿಸ್’. ಗ್ರೀಕ್ ಪುರಾಣದ ಯಮನ ಮಗ ಪಾತಾಳದಿಂದ ತಪ್ಪಿಸಿಕೊಳ್ಳಲು ಹೊರಡುವ ಆಟವದು. ಪ್ರತಿ ಯತ್ನ ಅರ್ಧ ಗಂಟೆಯ ಆಸುಪಾಸು. ಸತ್ತರೆ ಮರಳಿ ತಂದೆಯ ಅರಮನೆಗೆ. ಆದರೆ ಅಲ್ಲಿ ಪ್ರತಿ ಸಲವೂ ಯಾರಾದರೊಬ್ಬರು ಹೊಸ ಮಾತಾಡುತ್ತಾರೆ, ಆದುದರಿಂದ ಸೋತಷ್ಟೂ ಕಥೆ ಮುಂದೆ ಸಾಗುತ್ತದೆ. ನಡುವೆ ಕರೆಂಟು ಹೋದರೂ ಆ ಕೋಣೆಯ ಬಾಗಿಲಿನಿಂದ ಮತ್ತೆ ಆರಂಭಿಸಬಹುದು. ಕೈ ಸಾಗದವರಿಗೆ ಒಂದು ಸೌಕರ್ಯವೂ ಇದೆ: ಅದನ್ನು ಒಪ್ಪಿಕೊಂಡರೆ ಮೈಗೆ ಬೀಳುವ ಪೆಟ್ಟು ಮೊದಲೇ ನೂರಕ್ಕೆ ಇಪ್ಪತ್ತರಷ್ಟು ಇಳಿದು, ಸತ್ತ ಪ್ರತಿ ಸಲಕ್ಕೂ ಇನ್ನೆರಡರಷ್ಟು ಇಳಿಯುತ್ತ ಹೋಗುತ್ತದೆ. ವಿಜ್ಞಾನ ಕಥಾಲೋಕದ ಹ್ಯೂಗೊ ಪ್ರಶಸ್ತಿ ಆಟವೊಂದಕ್ಕೆ ಮೊತ್ತಮೊದಲು ಸಂದದ್ದು 2021ರಲ್ಲಿ, ಇದಕ್ಕೇ. ಯೂರೋಪಿನಲ್ಲಿ ಇದನ್ನು ಹನ್ನೆರಡು ವರ್ಷ ತುಂಬಿದವರಿಗೆ ತಕ್ಕದ್ದೆಂದು ಗೊತ್ತುಮಾಡಿದ್ದಾರೆ; ‘ಎಲ್ಡನ್ ರಿಂಗ್’ ಹದಿನಾರಕ್ಕೆ, ‘ಸೆಕಿರೋ’ ಹದಿನೆಂಟಕ್ಕೆ. ತಮ್ಮಂದಿರು ಪಕ್ಕದಲ್ಲಿ ಕುಳಿತು ನೋಡುವ ಮನೆಗಳಲ್ಲಿ ಇದನ್ನು ಮರೆಯಬಾರದು.

ಶಹಾಪುರದ ಕಾಲೇಜು ಹುಡುಗಿಗೆ ದೊರೆತಿರುವುದು ಕಾಕಾನ ಅಂಗಡಿಯಲ್ಲಿ ಲೆಕ್ಕ ಬರೆದು ಸವೆದ ಹಳೆಯ ಕಂಪ್ಯೂಟರ್ ಎಂದಾದರೆ, ಆಸ್ಟ್ರೇಲಿಯದ ಕೆಲವೇ ಮಂದಿ ಸೇರಿ ಮಾಡಿದ 2017ರ ‘ಹಾಲೋ ನೈಟ್’ ಸಾಕು. ಕೀಟಗಳ ಪಾಳುರಾಜ್ಯವೊಂದರ ಕಥೆ, ಮಾತು ಕಡಮೆ, ಶಾಸ್ತ್ರದ ಪ್ರಕಾರ ಪಾತ್ರಧಾರಣೆಯ ಗುಂಪಿಗೆ ಸೇರದಿದ್ದರೂ ಸೋಲನ್ನು ತಿಳಿಸಿ ಹೇಳುವುದರಲ್ಲಿ ದೊಡ್ಡವುಗಳಿಗೆ ಹೆಗಲೆಣೆ.

ಇನ್ನು ಖರೀದಿಯ ಉಪಾಯ. ‘ಸ್ಟೀಮ್’ ಎಂಬ ಮಳಿಗೆಯಲ್ಲಿ ಕೊಂಡ ಆಟವನ್ನು ಹದಿನಾಲ್ಕು ದಿನಗಳೊಳಗೆ, ಎರಡು ಗಂಟೆಗಿಂತ ಕಡಮೆ ಆಡಿದ್ದರೆ, ಮರಳಿಸಿ ಹಣ ಪಡೆಯಬಹುದು. ಈ ಎರಡು ಗಂಟೆಯನ್ನು ಪಾತ್ರದ ಮೀಸೆ ತಿದ್ದುವುದರಲ್ಲಿ ಕಳೆಯುವವರುಂಟು. ನೇರವಾಗಿ ಮೊದಲನೆಯ ಬಲಶಾಲಿ ಶತ್ರುವಿನ ಬಳಿ ಹೋಗಿ ಹತ್ತು ಸಲ ಸಾಯುವುದು ಜಾಣತನ. ಹತ್ತರಲ್ಲಿ ಏಳು ಸಾವಿನ ಕಾರಣ ತನಗೆ ಹೇಳಲು ಬಂದರೆ ಇಟ್ಟುಕೊಳ್ಳಬೇಕು; ಬಾರದಿದ್ದರೆ, ಹೆಸರು ಎಷ್ಟೇ ದೊಡ್ಡದಾಗಿರಲಿ, ಮರಳಿಸಬೇಕು.

ಸುರಪುರದ ತರುಣ ಬೆಲೆ ಇಳಿಯುವವರೆಗೆ ಕಾದು ‘ಸೆಕಿರೋ’ ಕೊಂಡ. ಮೊದಲ ಸಂಜೆ ಕೋಟೆಯ ಹೊರವಲಯವನ್ನು ಕಾಯುವ ಸೇನಾನಿಯೊಬ್ಬನ ಕೈಯಲ್ಲಿ ಮೇಲಿಂದ ಮೇಲೆ ಸತ್ತ. ಉತ್ತರಪತ್ರಿಕೆಗಳನ್ನು ತಿದ್ದುತ್ತ ಕುಳಿತಿದ್ದ ಅಕ್ಕ ತಲೆ ಎತ್ತದೆ ಕೇಳಿದಳು:

“ಈ ಸಲ ಯಾಕ ಸತ್ತಿ?”

“ಅವನು ಕತ್ತಿ ಎತ್ತಿ ಸ್ವಲ್ಪ ತಡೀತಾನಕ್ಕಾ. ನಾನು ಮೊದಲೇ ಕೈ ಎತ್ತಿಬಿಟ್ಟೆ.”

“ಮತ್ತ ಹೋದ ವರ್ಷದ ಪರೀಕ್ಷಾದಾಗ?”

ಅವನು ಸುಮ್ಮನಾದ. ಆ ಪರೀಕ್ಷೆಯ ಪ್ರಶ್ನೆಪತ್ರಿಕೆಯೂ ಸರಿಯುತ್ತರಗಳ ಪಟ್ಟಿಯೂ ಮಾಡದ ಮೇಲೆ, ಮಡಿಚಿಟ್ಟ ಹಾಗೆಯೇ ಇದ್ದವು. ಅಕ್ಕ ಅವನ್ನು ತರಿಸಿ, ತಪ್ಪಾದ ಒಂದೊಂದು ಪ್ರಶ್ನೆಯ ಪಕ್ಕದಲ್ಲಿ ತಪ್ಪಿನ ಕಾರಣವನ್ನು ಇದೇ ರೀತಿ ಒಂದೊಂದು ಸಾಲು ಬರೆಯಬೇಕೆಂದೂ, ಹತ್ತು ಸಾಲಿಗೆ ಒಂದು ಗಂಟೆಯಂತೆ ಲ್ಯಾಪ್‌ಟಾಪ್ ಕೊಡುವೆನೆಂದೂ ಕರಾರು ಮಾಡಿದಳು. ಮೊದಲ ವಾರ ಅವನಿಗೆ ದೊರೆತದ್ದು ಮೂರು ಗಂಟೆ. ಸೇನಾನಿ ಇನ್ನೂ ಬಿದ್ದಿಲ್ಲ.